ಟೇಪಿನಲ್ಲಿ ತುಂಬಿದ ಒಡಪು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಸುಳ್ಳು. ನನಗೆ ಸಿಟ್ಟು ಎಲ್ಲರಿಗೂ ಬರುವ ಹೊತ್ತಿಗೇ ಬರುತ್ತದೆ. ಬಂದದ್ದು ಹೋಗುವುದಿಲ್ಲ, ಅಷ್ಟೇ. ಕೆಲವು ಸಿಟ್ಟುಗಳು ನನ್ನ ಹತ್ತಿರ ನಲವತ್ತು ವರ್ಷದಿಂದ ಇವೆ. ಇನ್ನೂ ಗಟ್ಟಿಮುಟ್ಟಾಗಿಯೇ ಇವೆ.

ಮೊನ್ನೆ ನವನಗರದಲ್ಲಿ ನಮ್ಮ ತಂಗಿಯ ಮಗಳು ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದಿದ್ದಳು. ಮನೆ ಛಂದ ಕಟ್ಟಿಸಿದ್ದಾಳೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪಡಸಾಲೆಯ ಗಾಜಿನ ಕಪಾಟಿನಲ್ಲಿ, ಮಣ್ಣಿನ ಕುದುರೆಗೂ ಪ್ಲಾಸ್ಟಿಕ್ ಹೂವಿಗೂ ನಡುವೆ, ಒಂದು ಹಳೆಯ ಸ್ಟೀರಿಯೋ ಟೇಪ್ ರೆಕಾರ್ಡರ್ ಕೂಡಿಸಿದ್ದಳು. ಆ ಕಡೆ ಈ ಕಡೆ ಎರಡು ಸ್ಪೀಕರು, ನಡುವೆ ಕ್ಯಾಸೆಟ್ಟಿನ ಬಾಯಿ, ಮೇಲೊಂದು ಹಿಡಿಕೆ. ಅದು ಹಾಡುವುದಿಲ್ಲವಂತೆ, ಸುಮ್ಮನೆ ಶೋಕಿಗೆ ಇಟ್ಟದ್ದಂತೆ. ಬಂದವರೆಲ್ಲ ಅದರ ಮುಂದೆ ನಿಂತು, "ಅಯ್ಯ, ನಮ್ಮ ಮನ್ಯಾಗೂ ಇತ್ತಲ್ಲ! ಎಂಥಾ ಛಂದ ಕಾಲ ಅದು!" ಎಂದು ಕಣ್ಣು ಒರೆಸಿಕೊಳ್ಳುವುದೇನು, ಫೋಟೋ ಹೊಡೆಸಿಕೊಳ್ಳುವುದೇನು! ಒಬ್ಬಾಕೆ ನನ್ನ ರಟ್ಟೆ ಹಿಡಿದು ಎಳೆದಳು. "ದೊಡ್ಡವ್ವಾ, ನೀವೂ ಇದರಾಗ ಹಾಡ ತುಂಬಿರಬೇಕಲ್ಲ? ಏನರ ಹೇಳ್ರಿ."

ನಾನು ಹೋಳಿಗೆಯ ತಾಟನ್ನು ಅರ್ಧಕ್ಕೇ ಬಿಟ್ಟು ಎದ್ದೆ. ತಂಗಿ ನನ್ನ ಬೆನ್ನ ಹಿಂದೆ, "ಆಕಿಗೆ ಬಿಪಿ ಐತ್ರಿ" ಎಂದು ಬೀಗರಿಗೆ ಸಮಾಧಾನ ಹೇಳುತ್ತಿದ್ದುದು ಕೇಳಿಸಿತು. ಬಿಪಿ ಅಲ್ಲ ನನ್ನವ್ವಾ. ಅಲ್ಲಿ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವು ಓದುವವರು, ನಡುವೆ ಬಾಯಿ ಹಾಕಿ ಅಡ್ಡ ಮಾತು ಎತ್ತುವುದಿಲ್ಲ.

ನಾವು ಇಳಕಲ್ಲಿನವರು, ನೇಕಾರರ ಮನೆತನ. ಪಡಸಾಲೆಯಲ್ಲಿ ಎರಡು ಕುಣಿ ಮಗ್ಗ. ಒಂದರ ಕುಣಿಯಲ್ಲಿ ಅಪ್ಪ ಕಾಲು ಇಳಿಬಿಟ್ಟು ಕೂತರೆ, ಇನ್ನೊಂದರಲ್ಲಿ ನಮ್ಮ ಸೋದರತ್ತೆ ನೀಲವ್ವ ಕೂಡುತ್ತಿದ್ದಳು. ನಾನು ಹುನಗುಂದದಲ್ಲಿ ಪಿಯುಸಿ ಓದಿ, ಇಂಗ್ಲಿಷಿನಲ್ಲಿ ಒಮ್ಮೆಯಲ್ಲ, ಎರಡು ಸಲ ಫೇಲಾಗಿ, ಮನೆಯಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ವಯಸ್ಸು ಹತ್ತೊಂಬತ್ತು. ತಲೆಯಲ್ಲಿ ಸಿನಿಮಾ ಹಾಡು ಬಿಟ್ಟರೆ ಬೇರೇನೂ ಇರಲಿಲ್ಲ. ಅವ್ವ ದಿನಕ್ಕೊಮ್ಮೆಯಾದರೂ, "ಇಂಗ್ಲಿಷ್ ಬರಲಿಲ್ಲ, ಕಂಡಕಿನರ ನೆಟ್ಟಗ ಸುತ್ತು" ಎನ್ನುತ್ತಿದ್ದಳು.

ಅಣ್ಣ ಪಂಪಣ್ಣ ಮಗ್ಗದ ಕುಣಿಗೆ ಇಳಿಯಲೊಲ್ಲೆನೆಂದು ಲಾರಿ ಹತ್ತಿದವನು. ನಮ್ಮ ಕಡೆಯ ಕೆಂಪು ಗ್ರಾನೈಟ್ ಬಂಡೆಗಳನ್ನು ಹೇರಿಕೊಂಡು ಮದ್ರಾಸಿನ ಬಂದರಿಗೆ ಹೋಗುತ್ತಿದ್ದ. ಹಾಗೊಮ್ಮೆ ಹೋದವನು ಬರುವಾಗ ಲುಂಗಿಯಲ್ಲಿ ಸುತ್ತಿಕೊಂಡು ಆ ಸ್ಟೀರಿಯೋ ತಂದ. ಹಸುಗೂಸನ್ನು ಇಳಿಸುವಂತೆ ಇಳಿಸಿದ. ಅದು ಬಂದ ದಿನ ನಮ್ಮ ಮನೆಯಲ್ಲಿ ಸಂಜೆಯವರೆಗೆ ಲಾಳಿ ಓಡಲಿಲ್ಲ.

ಅದರಲ್ಲಿ ದನಿ ತುಂಬಬೇಕಾದರೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕಿತ್ತು. ಒತ್ತಿದ ಕೂಡಲೇ ಅಪ್ಪ ಮುಂದಕ್ಕೆ ಬಾಗಿ, ದೂರದೂರಿಗೆ ಫೋನು ಮಾಡಿದವರ ಹಾಗೆ, "ನಡದೈತೋ ಇಲ್ಲೋ?" ಎಂದು ಕೂಗಿದ. ನಡೆದಿತ್ತು. ಆಮೇಲೆ ನಾವು ತುಂಬಿದ ಪ್ರತಿ ಕ್ಯಾಸೆಟ್ಟೂ ಅದೇ ಪ್ರಶ್ನೆಯಿಂದಲೇ ಶುರುವಾಗುತ್ತಿತ್ತು. ಭಜನೆಯಿರಲಿ, ಜೋಗುಳವಿರಲಿ, ಮೊದಲು ಅಪ್ಪನ "ನಡದೈತೋ ಇಲ್ಲೋ". ಅದು ಆರು ದೊಡ್ಡ ಸೆಲ್ಲು ನುಂಗುವ ಪ್ರಾಣಿ. ಸೆಲ್ಲು ಸೋತವೆಂದರೆ ಹಾಡುವವರಿಗೆಲ್ಲ ನಿದ್ದೆ ಬಂದಂತೆ ದನಿ ಎಳೆಯುತ್ತಿತ್ತು. ಆಗ ಅವುಗಳನ್ನು ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಬಿಸಿಲಿಗೆ ಇಡುತ್ತಿದ್ದೆವು. ಸಂಜೆಗೆ ಒಂದೆರಡು ಹಾಡಿನಷ್ಟು ಜೀವ ಬರುತ್ತಿತ್ತು.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇದು ನೇಕಾರರು ಮಾತ್ರ ಮಾಡುವ ಪೆದ್ದುತನ. ಒಂದು ದಿನ ಟೇಪು ಗಾಲಿಗೆ ಸಿಕ್ಕಿ ಹರಿಯಿತು. ಅಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಅಪ್ಪ ನಕ್ಕು, "ಎಳಿ ಹರದ್ರ ಕೂಡಸೂದು ನಮ್ಮ ಕಸಬಲೇ, ತಾ ಇಲ್ಲಿ" ಎಂದು ಆ ಕಂದು ಪಟ್ಟಿಯ ಎರಡು ತುದಿ ಹಿಡಿದು ನೇಕಾರರ ಗಂಟು ಹಾಕಿದ. ನೂಲಿನಲ್ಲಿ ಆ ಗಂಟು ಬೆರಳಿಗೂ ಹತ್ತುವುದಿಲ್ಲ. ಟೇಪಿನಲ್ಲಿ? ಗಂಟು ಒಳಗೆ ಹೋಗಿ ಕಚ್ಚಿಕೊಂಡಿತು ನೋಡಿ, ಯಂತ್ರ ಗಂಟಲಿಗೆ ಎಲುಬು ಸಿಕ್ಕ ನಾಯಿಯ ಹಾಗೆ ಒದ್ದಾಡಿತು. ಅಪ್ಪನಿಗೆ ಮಾತ್ರ ತನ್ನ ತಪ್ಪು ಎಂದು ಕಡೆಯವರೆಗೂ ಅನ್ನಿಸಲಿಲ್ಲ. "ಗಂಟು ಖರೇನ ಐತಿ, ಡಬ್ಬಿನ ಸರಿ ಇಲ್ಲ" ಎನ್ನುತ್ತಿದ್ದ.

ನಗು ಸಾಕು, ಅತ್ತೆಯ ಮಾತಿಗೆ ಬರುತ್ತೇನೆ. ಅತ್ತೆಯನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಗಂಡ ಮಲ್ಲೇಶಪ್ಪ ಅಲ್ಲಿ ಮಗ್ಗ ಇಟ್ಟುಕೊಂಡಿದ್ದ, ಇನ್ನೊಬ್ಬಾಕೆಯನ್ನೂ ಇಟ್ಟುಕೊಂಡಿದ್ದ. ಅದನ್ನು ಅವನೇನೂ ಮುಚ್ಚಿಡಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಇರಿ ಎಂದ. ಅತ್ತೆ ಟ್ರಂಕು ತೆಗೆದುಕೊಂಡು ಬಸ್ಸು ಹತ್ತಿ ಇಳಕಲ್ಲಿಗೆ ಬಂದಳು. ಅಪ್ಪ ಎರಡನೆಯ ಕುಣಿಯ ಮಣ್ಣು ತೆಗೆಸಿ ಮಗ್ಗ ಹೂಡಿಕೊಟ್ಟ. ಆರು ವರ್ಷ ಅವಳು ಅದರಲ್ಲಿ ಕೂತು ನೇಯ್ದಳು. ಗಂಡ ಒಂದು ಕಾರ್ಡು ಬರೆಯಲಿಲ್ಲ.

ಅತ್ತೆಯ ಹಾಗೆ ಒಡಪು ಹೇಳುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಗಂಡನ ಮರ್ಯಾದೆ ಹೋಯಿತು, ಹೇಳಿದವಳ ನಾಲಿಗೆ ಕೆಟ್ಟಿತು ಎಂದು ಲೆಕ್ಕ. ಆದರೆ ಮದುವೆ, ಕುಬಸ ಇಂಥ ಕಾರ್ಯಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದರಷ್ಟೇ ದಾರಿ ಎಂದು ಕಾಡುತ್ತಾರೆ. ಆಗ ಪ್ರಾಸ ಕಟ್ಟಿದ ಎರಡು ಮೂರು ಸಾಲಿನಲ್ಲಿ ಗಂಡನ ಹೆಸರನ್ನು ಸಿಕ್ಕಿಸಿ ಹೇಳಬೇಕು. ಅದೇ ಒಡಪು. ಉಳಿದವರು ಅಜ್ಜಿಯರ ಕಾಲದ ಒಡಪುಗಳಿಗೆ ಹೆಸರು ಮಾತ್ರ ಬದಲಿಸಿ ಒಪ್ಪಿಸುತ್ತಿದ್ದರು. ಅತ್ತೆ ಹಾಗಲ್ಲ, ನಿಂತ ನಿಲುವಿನಲ್ಲಿ ಹೊಸದು ಕಟ್ಟುತ್ತಿದ್ದಳು. ಗಂಡ ಹೇಗೇ ಇರಲಿ, ಒಡಪಿನಲ್ಲಿ ಅವನು ದೇವರು. ಅದು ಆಟದ ನಿಯಮ, ಎಲ್ಲರಿಗೂ ಗೊತ್ತಿದ್ದದ್ದೇ. ಕುಡಿದು ಬಂದು ಒದೆಯುವವನ ಹೆಂಡತಿಯೂ ಒಡಪಿನಲ್ಲಿ "ಬಂಗಾರದಂಥವರು" ಎನ್ನುತ್ತಿದ್ದಳು. ಯಾರಾದರೂ ಅದನ್ನು ನಂಬಿದ್ದರೇ?

ಅಣ್ಣನ ಹೆಂಡತಿ, ನಮ್ಮ ವೈನಿಗೆ, ಏಳು ತಿಂಗಳಿಗೆ ಕುಬಸ ಮಾಡಿದರು. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಎತ್ತುವ ಕಾರ್ಯ. ಅಣ್ಣ ಸ್ಟೀರಿಯೋವನ್ನು ಗೋಡೆಯೊಳಗಿನ ದೇವರ ಮಾಡಿನಲ್ಲಿಟ್ಟು, ಗುಂಡಿ ಒತ್ತುವ ಜವಾಬ್ದಾರಿ ನನಗೆ ಕೊಟ್ಟು ಗಂಡಸರ ಪಂಕ್ತಿಗೆ ಹೋದ. ನನ್ನ ಬಿಂಕ ಏನು ಕೇಳುತ್ತೀರಿ! ಇಂಗ್ಲಿಷ್ ಫೇಲಾದವಳು ಇಂಗ್ಲಿಷ್ ಅಕ್ಷರದ ಗುಂಡಿ ಒತ್ತುತ್ತಿದ್ದೆ. ವೈನಿ ಹೆಸರು ಹೇಳಿದಳು, ಅವ್ವ ನಾಚಿಕೊಂಡು ಹೇಳಿದಳು. ಆಮೇಲೆ ಎಲ್ಲರೂ ಅತ್ತೆಯನ್ನು ಹಿಡಿದರು. ಅವಳು, "ನನ್ನ ಬಿಡ್ರೇ ನಮ್ಮವ್ವ" ಎಂದು ಅಡಿಗೆಮನೆಗೆ ಹೊರಟಳು. ಬಿಡಲಿಲ್ಲ. ನಾನೇ ಬಾಗಿಲಿಗೆ ಅಡ್ಡ ನಿಂತೆ. "ಅತ್ತಿ, ಹೇಳ ಅತ್ತಿ, ನಿನ್ನ ದನಿ ತುಂಬಬೇಕು" ಎಂದು ಗೋಗರೆದೆ. ಅತ್ತೆ ಮಗ್ಗದ ಕಡೆ ಒಮ್ಮೆ ನೋಡಿ, ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

"ಮೈಯ ಹಾಸು ಕರಿದು, ಸೆರಗಿನ ಹಾಸು ಕೆಂಪ,
ಎಳಿಗೆ ಎಳಿ ಕೊಂಡಿ ಹಾಕಿದ್ರ ಸೀರಿಗೆ ಬರತೈತಿ ಸೊಂಪ,
ದೂರ ಇದ್ರೂ ಮಲ್ಲೇಶಪ್ಪನವರ ಹೆಸರಂದ್ರ ನನ್ನ ಬಾಯಿಗೆ ತಂಪ."

ಹೋ ಎಂದು ನಗೆ ಎದ್ದಿತು. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುವುದೇ ನಮ್ಮ ಊರಿನ ಹೆಚ್ಚಿನ ಕೆಲಸ. ಅದನ್ನು ಒಡಪಿಗೆ ತಂದಳಲ್ಲ ಎಂದು ಮುದುಕಿಯರು ತಲೆದೂಗಿದರು. ಅತ್ತೆಯೂ ನಕ್ಕಳು. ಆ ನಗುವೂ ಟೇಪಿನಲ್ಲಿ ತುಂಬಿಕೊಂಡಿತು.

ಆ ಕ್ಯಾಸೆಟ್ಟನ್ನು ಓಣಿಯವರೆಲ್ಲ ಬಂದು ಕೇಳಿ ಹೋದರು. ಅದಾಗಿ ಕೆಲವು ವಾರಕ್ಕೆ ಮಲ್ಲೇಶಪ್ಪ ಸೊಲ್ಲಾಪುರದಿಂದ ಇಳಿದ. ಆರು ವರ್ಷದ ಮೇಲೆ ಹೆಂಡತಿಯ ನೆನಪಾಯಿತಂತೆ. ಖರೆ ಸಂಗತಿ ಏನೆಂದರೆ, ಅವನು ಇನ್ನೆರಡು ಮಗ್ಗ ಹೂಡಿದ್ದ, ಸೆರಗಿಗೆ ಕೊಂಡಿ ಹಾಕುವ ಕೈ ಅವನಿಗೆ ಅಲ್ಲಿ ಸಿಕ್ಕಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅತ್ತೆಯ ಹತ್ತು ಬೆರಳು. ಆ ಇನ್ನೊಬ್ಬಾಕೆಯೂ ಆ ಮನೆಯಲ್ಲೇ ಇದ್ದಳು. ಅತ್ತೆ ಅಪ್ಪನಿಗೆ ಒಂದೇ ಮಾತು ಹೇಳಿದಳು: "ಅಣ್ಣಾ, ನನಗ ಬಿಡುಗಡಿ ಕೊಡಸು. ಅಲ್ಲಿಗೆ ಕಳಸಬ್ಯಾಡ. ಕಳಸಿದ್ರ ನಾ ಉಳಿಯೂದಿಲ್ಲ."

ನಮ್ಮಲ್ಲಿ ಇಂಥ ವ್ಯಾಜ್ಯಗಳನ್ನು ಕುಲದ ಹಿರಿಯರು ಕೂತು ಬಗೆಹರಿಸುತ್ತಿದ್ದರು. ಅದಕ್ಕೆ ದೈವ ಕೂಡುವುದು ಎನ್ನುತ್ತಾರೆ. ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ, ಅಂದು ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲೇ ದೈವ ಕೂಡುವುದೆಂದಾಯಿತು. ಹಿರಿಯರಲ್ಲಿ ಒಬ್ಬರು ಅಪ್ಪನಿಗೆ ಮೊದಲೇ ಗುಟ್ಟಾಗಿ ಹೇಳಿದ್ದರು: "ಆರು ವರ್ಷ ಹೊಳ್ಳಿ ನೋಡದಾವಗ ಯಾವ ಹಕ್ಕ? ಬಿಡುಗಡಿ ಆಗತೈತಿ, ಚಿಂತಿ ಬಿಡು." ಅತ್ತೆ ಆ ದಿನ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಈಗ ನನ್ನ ಘನಂದಾರಿ ಕೆಲಸ ಕೇಳಿ. ಅಮಾವಾಸ್ಯೆಗೆ ಎರಡು ದಿನ ಇರುವಾಗ, ಅಪ್ಪ ಅವ್ವ ಇಲ್ಲದ ಹೊತ್ತು ನೋಡಿ, ಮಲ್ಲೇಶಪ್ಪ ನಮ್ಮ ಕಟ್ಟೆಗೆ ಬಂದು ಕೂತ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. "ತಂಗಿ, ನಿಮ್ಮತ್ತಿ ದನಿ ತುಂಬೀಯಂತಲ್ಲ. ಆಕಿ ಮಾರಿಯಂತೂ ತೋರಸೂದಿಲ್ಲ. ದನಿ ಆದ್ರೂ ಒಮ್ಮೆ ಕೇಳಬೇಕನಸೈತಿ" ಎಂದ. ಕಣ್ಣಲ್ಲಿ ನೀರೂ ತಂದ, ಮೂಳ! ನಾನು ನೋಡಿದ ಸಿನಿಮಾಗಳಲ್ಲೆಲ್ಲ ಗಂಡ ಹೆಂಡತಿ ಹಾಡಿನಿಂದಲೇ ಒಂದಾಗುತ್ತಿದ್ದರು. ಅವಳ ಹಾಡು ಅವನ ಕಿವಿಗೆ ಬಿದ್ದರೆ ಅವನ ಮನಸ್ಸು ಕರಗುತ್ತದೆ, ಆ ಇನ್ನೊಬ್ಬಾಕೆಯನ್ನು ಬಿಡುತ್ತಾನೆ, ಅತ್ತೆ ಅರಿಷಿಣ ಕುಂಕುಮ ಇಟ್ಟುಕೊಂಡು ಸುಖವಾಗಿರುತ್ತಾಳೆ ಎಂದು ಒಂದು ಗಳಿಗೆಯಲ್ಲಿ ಪೂರಾ ಸಿನಿಮಾ ಕಟ್ಟಿದೆ. ಒಳಗೆ ಹೋಗಿ ಕ್ಯಾಸೆಟ್ಟು ತಂದು, ಸೆರಗಿನಿಂದ ಒರೆಸಿ, ಎರಡು ಕೈಯಿಂದ ಅವನಿಗೆ ಕೊಟ್ಟೆ. ಒರೆಸಿ ಕೊಟ್ಟೆ! ಅದನ್ನು ನೆನೆದರೆ ಈಗಲೂ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕೆನಿಸುತ್ತದೆ.

ಅಮಾವಾಸ್ಯೆಯ ಬೆಳಿಗ್ಗೆ ಜಮಖಾನೆ ಹಾಸಿದರು. ಏಳೆಂಟು ಜನ ಹಿರಿಯರು ಗೋಡೆಗೆ ಒರಗಿ ಕೂತರು. ನಡುವೆ ಶಾಲು ಹೊದ್ದ ಹಿರಿಯರೊಬ್ಬರು, ಅವರ ಮಾತೇ ಕಡೆಯ ಮಾತು. ಹೆಂಗಸರಿಗೆ ದೈವದ ಮುಂದೆ ಬರುವ ರೂಢಿಯಿಲ್ಲ. ಅತ್ತೆ, ಅವ್ವ, ವೈನಿ, ನಾನು ನಡುಮನೆಯ ಕದದ ಹಿಂದೆ ನಿಂತೆವು. ಅತ್ತೆಗೆ ಏನಾದರೂ ಹೇಳುವುದಿದ್ದರೆ ಅವ್ವನಿಗೆ ಹೇಳಬೇಕು, ಅವ್ವ ಕದದ ಸಂದಿಯಿಂದ ಅಪ್ಪನಿಗೆ ಹೇಳಬೇಕು, ಅಪ್ಪ ಅದನ್ನು ಸೋಸಿ ದೈವಕ್ಕೆ ಹೇಳಬೇಕು. ಅವಳ ಬಾಳಿನ ಪ್ರಶ್ನೆ, ಅವಳ ಮಾತು ಮೂರನೆಯ ಬಾಯಿಂದ ಹೊರಗೆ ಬರಬೇಕು.

ಅಪ್ಪ ಆರು ವರ್ಷದ ಕಥೆ ಹೇಳಿದ. ಹಿರಿಯರು ಹೂಂಗುಟ್ಟಿದರು. ಆಗ ಮಲ್ಲೇಶಪ್ಪ ಎದ್ದು ಕೈಮುಗಿದ. "ಹಿರ್ಯಾರ, ನಾ ಮಾತಾಡೂದಿಲ್ಲ. ನನ್ನ ಹೆಂಡ್ತಿನ ಮಾತಾಡತಾಳ, ಕೇಳ್ರಿ" ಎಂದು ಕಿಸೆಯಿಂದ ಕ್ಯಾಸೆಟ್ಟು ತೆಗೆದ. ನಾನು ಒರೆಸಿ ಕೊಟ್ಟದ್ದೇ. ಇನ್ನೂ ಕೇಳಿ, ಅದನ್ನು ಹಚ್ಚಲು ಯಂತ್ರ ಯಾರದು? ನಮ್ಮದೇ! "ಪಂಪಣ್ಣ, ನಿಮ್ಮ ಟೇಪ ತಾರಪಾ" ಎಂದರೆ ನಮ್ಮ ಅಣ್ಣ ಎಂಬ ಬೃಹಸ್ಪತಿ, ಇವನು ಏನು ಹಚ್ಚುತ್ತಾನೆ ಎಂದು ಸಹ ಕೇಳದೆ, ಹೊಸ ಆರು ಸೆಲ್ಲು ಹಾಕಿ, ಜಮಖಾನೆಯ ನಟ್ಟನಡುವೆ ತಂದಿಟ್ಟ. ದೊಡ್ಡವರೆಲ್ಲ ತನ್ನ ಯಂತ್ರ ನೋಡುತ್ತಾರೆ ಎಂಬ ಹಿಗ್ಗು ಅವನಿಗೆ. ದನಿ ಎಲ್ಲರಿಗೂ ಛಂದ ಕೇಳಲಿ ಎಂದು ಸ್ಪೀಕರನ್ನು ಶಾಲಿನ ಹಿರಿಯರ ಕಡೆ ತಿರುಗಿಸಿದ.

ಮೊದಲು ಅಪ್ಪನ "ನಡದೈತೋ ಇಲ್ಲೋ". ಒಬ್ಬಿಬ್ಬರು ನಕ್ಕರು. ಆಮೇಲೆ ಬಳೆಗಳ ಸದ್ದು, ನನ್ನ ಗೋಗರೆತ, ಅತ್ತೆಯ ದನಿ. ಕರಿದು, ಕೆಂಪ, ಸೊಂಪ, ತಂಪ. ಕಡೆಗೆ ಅವಳ ನಗು. ಅಣ್ಣನಿಗೆ ಆಗ ತಿಳಿಯಿತು. ಅವನು ಗುಂಡಿ ಒತ್ತಲು ಕೈ ಚಾಚಿದ, ಮಲ್ಲೇಶಪ್ಪ ಆ ಕೈ ಹಿಡಿದ. "ಇನ್ನೊಮ್ಮೆ ಹಚ್ಚು" ಎಂದರು ಶಾಲಿನ ಹಿರಿಯರು. ತಿರುಗಿಸಿ ಇನ್ನೊಮ್ಮೆ ಹಚ್ಚಿದರು. ಅತ್ತೆ ಕದದ ಹಿಂದೆ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ನೋಡಪಾ," ಹಿರಿಯರು ಅಪ್ಪನ ಕಡೆ ತಿರುಗಿದರು, "ದೂರ ಇದ್ರೂ ಬಾಯಿಗೆ ತಂಪ ಅಂತಾಳ. ನಗತಾಳ ಸೈತ. ಹಿಂತಾಕಿಗೆ ಗಂಡ ಬ್ಯಾಡಾಗ್ಯಾನ ಅಂತ ನೀ ಹೆಂಗ ಹೇಳ್ತಿ? ಗಂಡ ಹೆಂಡಿರ ಜಗಳ ಉಂಡು ಮಲಗೂತನಕ."

ಉಂಡು ಮಲಗುವ ತನಕವಂತೆ! ಆರು ವರ್ಷದಿಂದ ಅವರು ಒಂದು ಸೂರಿನಡಿ ಉಂಡಿರಲಿಲ್ಲ, ಮಲಗಿರಲಿಲ್ಲ. ಅತ್ತೆ ಅವ್ವನ ಕಿವಿಯಲ್ಲಿ ಹೇಳಿದಳು, ಅವ್ವ ಸಂದಿಯಿಂದ ಅಪ್ಪನಿಗೆ ಹೇಳಿದಳು, ಅಪ್ಪ ಎದ್ದು ನಿಂತ. "ಅದು ಒಡಪ ಐತ್ರಿ. ಕೆಂಪ ಅಂದಾಳ, ಅದಕ್ಕ ಹೊಂದಲಿ ಅಂತ ತಂಪ ಅಂದಾಳ. ನಿಮ್ಮ ಮನಿ ಹೆಣಮಕ್ಕಳೂ ಅಂತಾರಲ್ರಿ."

"ಹೆಣಮಕ್ಕಳ ಮಾತ ನಡಕ ತರಬ್ಯಾಡ. ದನಿ ಆಕಿದು ಹೌದೋ ಅಲ್ಲೋ?"

"ಹೌದರಿ."

"ಮುಗೀತಲ್ಲ ಮತ್ತ. ನಾಳಿ ಗಾಡಿಗೆ ಕಳಸು."

ನೀವೇ ಹೇಳಿ, ನನಗೆ ಸಿಟ್ಟು ಬರಬಾರದೇ? ಆ ಪ್ಲಾಸ್ಟಿಕ್ ಡಬ್ಬಿ ಗಂಡಸರ ನಡುವೆ ಜಮಖಾನೆಯ ಮೇಲೆ ಕೂತು ಅವಳ ದನಿಯಲ್ಲಿ ಎರಡೆರಡು ಸಲ ಮಾತಾಡಬಹುದು. ಆ ದನಿ ಹೊರಟ ಗಂಟಲು ಹತ್ತು ಹೆಜ್ಜೆ ಆಚೆ ಕದದ ಹಿಂದೆ ಬಾಯಿ ಮುಚ್ಚಿಕೊಂಡಿರಬೇಕು. ಅವರೆಲ್ಲರ ಮನೆಯಲ್ಲೂ ಹೆಂಗಸರು ಒಡಪು ಹೇಳುವವರೇ. ಒಡಪು ಆಟವೆಂದು ಆ ಗಡ್ಡದವರಿಗೆ, ಶಾಲಿನವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ, ಯಂತ್ರದಿಂದ ಬಂದದ್ದಕ್ಕೆ ಅದನ್ನು ಕಾಗದದ ಮೇಲಿನ ಸಹಿಯಂತೆ ಹಿಡಿದರು. ಹಾಳಾಗಿ ಹೋಗಲಿ ಅವರ ಹಿರಿತನ.

ನಾನು ಅಲ್ಲೇ ಅತ್ತೆಯ ಕಾಲು ಹಿಡಿದೆ. "ಅತ್ತಿ, ನಾನ ಕೊಟ್ಟೆ. ಕ್ಯಾಸೆಟ್ ನಾನ ಕೊಟ್ಟೆ" ಎಂದು ಬಿಕ್ಕಿದೆ. ಅವಳು ಬಗ್ಗಿ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಕಾಲು ಬಿಡಿಸಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕದ ತೆರೆದಳು. ಅವ್ವ, "ಏ ನೀಲವ್ವ!" ಎನ್ನುವಷ್ಟರಲ್ಲಿ ಹೊಸ್ತಿಲು ದಾಟಿ ಜಮಖಾನೆಯ ಅಂಚಿಗೆ ಹೋಗಿ ನಿಂತಿದ್ದಳು.

ಹಿರಿಯರು ಗಡಬಡಿಸಿ ಕಾಲು ಮಡಚಿಕೊಂಡರು. ಅತ್ತೆ ಅವರಲ್ಲಿ ಯಾರನ್ನೂ ನೋಡಲಿಲ್ಲ. ಗಂಡನ ಕಡೆ ತಿರುಗಿ, ಓಣಿಯಲ್ಲಿ ಆಡುವ ಹುಡುಗರನ್ನು ಕರೆಯುವಷ್ಟು ಸಲೀಸಾಗಿ ಕರೆದಳು.

"ಮಲ್ಲೇಶ್ಯಾ."

ಪ್ರಾಸವಿಲ್ಲ, 'ಅಪ್ಪ'ನೂ ಇಲ್ಲ, 'ಅವರು' ಎಂಬುದೂ ಇಲ್ಲ. ಬರೀ ಹೆಸರು, ಅದೂ ತುಂಡು ಮಾಡಿದ್ದು. ನಮ್ಮ ಓಣಿಯಲ್ಲಿ ಯಾವ ಹೆಂಡತಿಯೂ ಅದುವರೆಗೆ ಅಂಥ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

"ಮಲ್ಲೇಶ್ಯಾ, ಎದ್ದು ನಡಿ. ನಾ ಬರೂದಿಲ್ಲ. ಪಂಪಣ್ಣ, ಇದನ್ನೂ ತುಂಬಿಕೋ. ಒಮ್ಮೆ ಕೇಳಿಸಲಿಲ್ಲಂದ್ರ ಹಿರ್ಯಾರಿಗೆ ಇನ್ನೊಮ್ಮೆ ಹಚ್ಚು. ಮಲ್ಲೇಶ್ಯಾ, ಮಲ್ಲೇಶ್ಯಾ, ಮಲ್ಲೇಶ್ಯಾ."

ಅಣ್ಣ ಏನೂ ತುಂಬಿಕೊಳ್ಳಲಿಲ್ಲ, ತುಂಬುವ ಅಗತ್ಯವೂ ಬರಲಿಲ್ಲ. ಮಲ್ಲೇಶಪ್ಪನ ಮುಖ ಹುಣಸೆ ಕಿವುಚಿದ ಹಾಗಾಯಿತು. "ಹೆಸರ ಹಿಡದು ಕರಿಯಾಕಿ... ಹಿಂತಾಕಿ ನನಗ ಬ್ಯಾಡ್ರಿ" ಎಂದು ಎದ್ದ. ಮಗ್ಗಕ್ಕೆ ಕೈ ಬೇಕಿತ್ತು ನಿಜ, ಆದರೆ ನಾಲ್ಕು ಜನರ ಮುಂದೆ ಹೋದ ಮರ್ಯಾದೆಯ ಮುಂದೆ ಮಗ್ಗ ದೊಡ್ಡದಾಗಲಿಲ್ಲ. ಶಾಲಿನ ಹಿರಿಯರು, "ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ" ಎಂದು ಗೊಣಗಿ ಕಾಗದ ತರಿಸಿದರು. ಬಿಡುಗಡೆ ಬರೆದರು. ಏನೆಂದು ಬರೆದರು ಗೊತ್ತೇ? ಹೆಂಡತಿಯು ದೈವದ ಮುಂದೆ ಗಂಡನ ಹೆಸರು ಹಿಡಿದು ಕರೆದು ಅವಮಾನ ಮಾಡಿದ್ದರಿಂದ ಗಂಡನು ಅವಳನ್ನು ಬಿಟ್ಟಿರುತ್ತಾನೆ, ಎಂದು. ಆ ಇನ್ನೊಬ್ಬಾಕೆಯ ಸುದ್ದಿಯಿಲ್ಲ, ಆರು ವರ್ಷದ ಸುದ್ದಿಯಿಲ್ಲ. ಬಿಟ್ಟವನು ಅವನಂತೆ!

ಎಲ್ಲರೂ ಹೋದ ಮೇಲೆ ನಾನು ಕ್ಯಾಸೆಟ್ಟು ಕಿತ್ತು, ಒಳಗಿನ ಟೇಪನ್ನು ಮಾರುಗಟ್ಟಲೆ ಎಳೆದು, ಬಚ್ಚಲ ಒಲೆಗೆ ತುರುಕಿದೆ. ಒಂದು ಎಳೆ ನೂಲು ಕೆಳಗೆ ಬಿದ್ದರೆ ಸಹಿಸದ ಅಪ್ಪ ಅದನ್ನು ನೋಡುತ್ತ ನಿಂತ, ಬೇಡವೆನ್ನಲಿಲ್ಲ. ಎರಡು ದಿನ ಸ್ನಾನದ ನೀರಿಗೂ ಅದರ ಕಮಟು ವಾಸನೆ ಬರುತ್ತಿತ್ತು.

ಅತ್ತೆ ಗೆದ್ದಳು ಎಂದು ನೀವು ಖುಷಿಪಡುತ್ತಿದ್ದರೆ ಸ್ವಲ್ಪ ತಡೆಯಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅದಾದ ಮೇಲೆ ಓಣಿಯ ಒಂದು ಮದುವೆಯಲ್ಲೂ, ಒಂದು ಕುಬಸದಲ್ಲೂ ಅವಳನ್ನು ಯಾರೂ "ನೀಲವ್ವಾ, ಒಡಪ ಹೇಳ" ಎನ್ನಲಿಲ್ಲ. ಗಂಡನ ಹೆಸರು ಕೆಡಿಸಿದ ನಾಲಿಗೆ ಶುಭ ಕಾರ್ಯಕ್ಕೆ ಆಗುವುದಿಲ್ಲವಂತೆ. ಹೇಳಿದವರು ಗಂಡಸರಲ್ಲ, ಅದೇ ಹೆಂಗಸರು! ಅವಳ ಒಡಪಿಗೆ ತಲೆದೂಗಿದ ಅದೇ ಮುದುಕಿಯರು. ಆರತಿಯ ಹೊತ್ತಿಗೆ ಅತ್ತೆ ತಾನಾಗಿಯೇ ಎದ್ದು ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು. ಮನೆಯಲ್ಲೂ ಹಾಡುವುದನ್ನು ಬಿಟ್ಟಳು. ಮಗ್ಗದ ಸದ್ದು ಮಾತ್ರ ಉಳಿಯಿತು. ಅವಳ ಬಾಯಿ ಕಟ್ಟಿದವಳು ನಾನೇ ಎಂದು ಆ ಸದ್ದು ಕೇಳಿದಾಗಲೆಲ್ಲ ನನಗೆ ಅನ್ನಿಸುತ್ತಿತ್ತು.

ಎರಡು ವರ್ಷಕ್ಕೆ ನನ್ನ ಮದುವೆ ಗೊತ್ತಾಯಿತು. ಗಂಡು ಬಾದಾಮಿಯವರು, ರೈಲ್ವೆಯಲ್ಲಿ ಸಣ್ಣ ನೌಕರಿ. ಅಕ್ಷತೆ ಬಿದ್ದ ಮೇಲೆ ನಮ್ಮ ಮನೆಗೆ ಬಂದು ಒಳಗೆ ಕಾಲಿಡಬೇಕು ಎನ್ನುವಾಗ ಓಣಿಯ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತರು. "ಹೆಸರ ಹೇಳು, ಒಳಗ ಬಾ!" ಬಾಗಿಲ ಪಕ್ಕದ ಮಾಡಿನಲ್ಲಿ ಅಣ್ಣನ ಸ್ಟೀರಿಯೋ ಕೂತಿತ್ತು, ಅದರ ಕೆಂಪು ದೀಪ ಉರಿಯುತ್ತಿತ್ತು. ಆ ಮನುಷ್ಯನಿಗೆ ಬುದ್ಧಿ ಬಂದಿರಲಿಲ್ಲ.

ನನಗೆ ತಲೆಯವರೆಗೆ ಸಿಟ್ಟು ಏರಿತು. "ನಮ್ಮ ಅತ್ತಿ ಎಲ್ಲಿ?" ಎಂದೆ.

"ಹಿತ್ತಲದಾಗ ಅದಾಳ. ನೀ ಹೇಳ ಮೊದಲ" ಎಂದಳೊಬ್ಬ ಮುದುಕಿ.

"ಆಕಿ ಇಲ್ಲಿ ಬಂದು ನಿಂತು ನನಗ ಒಡಪ ಹೇಳಿಕೊಡಬೇಕು. ಅಲ್ಲೀತನಕ ನಾ ಹೇಳೂದಿಲ್ಲ, ಒಳಗೂ ಬರೂದಿಲ್ಲ."

"ಆಕಿ ಬಾಯಿಲೆ ಬ್ಯಾಡ ತಂಗಿ, ಛಲೋ ಅಲ್ಲ" ಎಂದಳು ಅದೇ ಮುದುಕಿ.

"ಛಲೋ ಅಲ್ಲಂದ್ರ ನಾ ಇಲ್ಲೇ ಕುಂಡರತೇನಿ."

ಕೂತೇಬಿಟ್ಟೆ, ಬಾಸಿಂಗ ಕಟ್ಟಿಕೊಂಡೇ, ನಡುಬಿಸಿಲಲ್ಲಿ, ಹೊಸ್ತಿಲ ಹೊರಗಿನ ಬಂಡೆಯ ಮೇಲೆ. ನಮ್ಮ ಯಜಮಾನರು ಸೆರಗಿನ ಗಂಟಿಗೆ ಕಟ್ಟಿ ಹಾಕಿಸಿಕೊಂಡವರು, ನಿಲ್ಲಲೂ ಆಗದೆ ಕೂಡಲೂ ಆಗದೆ ಅರ್ಧ ಬಗ್ಗಿ ಬೆವರುತ್ತಿದ್ದರು. ಹತ್ತಿರ ಬಾಗಿ, "ಭಾಳ ಹೊತ್ತ ಆಗತೈತೇನ್ರಿ?" ಎಂದು ಮೆಲ್ಲಗೆ ಕೇಳಿದರು. ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು. "ಆಗತೈತಿ" ಎಂದೆ. ಬೀಗರು ಗುಸುಗುಸು ಶುರು ಮಾಡಿದರು. ಅವ್ವ ಹಣೆ ಚಚ್ಚಿಕೊಂಡಳು. ಕಡೆಗೆ ಅಪ್ಪ ತಾನೇ ಹಿತ್ತಲಿಗೆ ಹೋಗಿ ತನ್ನ ತಂಗಿಯನ್ನು ಕರೆದುಕೊಂಡು ಬಂದ.

ಅತ್ತೆ ಕೈಯ ಬೂದಿ ಒರೆಸಿಕೊಳ್ಳುತ್ತ ಬಂದಳು. ಹೆಂಗಸರು ಒಬ್ಬೊಬ್ಬರಾಗಿ ಸರಿದು ದಾರಿ ಬಿಟ್ಟರು. ಅವಳು ನನ್ನ ಹತ್ತಿರ ಬರುವ ಮೊದಲು ಮಾಡಿನ ಕಡೆ ಹೋದಳು. ಸ್ಟೀರಿಯೋವನ್ನು ಬೋರಲು ಹಾಕಿ, ಹಿಂದಿನ ಮುಚ್ಚಳ ತೆಗೆದು, ಆರೂ ಸೆಲ್ಲನ್ನು ಒಂದೊಂದಾಗಿ ಕಿತ್ತು ತನ್ನ ಉಡಿಯಲ್ಲಿ ಹಾಕಿಕೊಂಡಳು. ಕೆಂಪು ದೀಪ ಆರಿತು. ಅಣ್ಣ ತಲೆ ತಗ್ಗಿಸಿದ. ಆಮೇಲೆ ಅತ್ತೆ ಹೊಸ್ತಿಲ ಮೇಲೆ ನಿಂತು, ನಮ್ಮ ಯಜಮಾನರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎರಡು ವರ್ಷ ಮುಚ್ಚಿದ್ದ ಬಾಯಿ ತೆರೆದು, ಓಣಿಯ ಆ ತುದಿಗೆ ಕೇಳುವಂತೆ ಮೂರು ಸಾಲು ಹೇಳಿದಳು. ಮೊದಲು ನಕ್ಕದ್ದು ಅದೇ ಮುದುಕಿ. ಆಮೇಲೆ ಬಾಗಿಲೇ ಕಿತ್ತು ಬೀಳುವಂತೆ ನಗೆ ಎದ್ದಿತು. ನಾನು ಅವಳ ಹಿಂದೆಯೇ ಅದನ್ನು ಹೇಳಿ ಒಳಗೆ ಹೋದೆ.

ಅತ್ತೆ ಹೋಗಿ ಈಗ ಬಹಳ ವರ್ಷವಾಯಿತು. ಹಳೆಯ ಹಾಡು ಒಡಪು ಕಲೆಹಾಕುವವರೊಬ್ಬರು ಅವಳ ಹೆಸರು ಕೇಳಿಕೊಂಡು ನನ್ನ ಹತ್ತಿರ ಬಂದಿದ್ದರು. ಅವಳ ದನಿ ಎಲ್ಲೂ ಉಳಿದಿಲ್ಲವೇ, ಎಂಥ ನಷ್ಟ, ಮನೆಯಲ್ಲಿ ಟೇಪ್ ರೆಕಾರ್ಡರ್ ಇದ್ದೂ ತುಂಬಿ ಇಡಲಿಲ್ಲವಲ್ಲ ಎಂದು ಪೇಚಾಡಿದರು. ಉಳಿದಿಲ್ಲ, ಉಳಿಯುವುದು ಅವಳಿಗೆ ಬೇಕಿರಲಿಲ್ಲ ಎಂದು ಚಹಾ ಕೊಟ್ಟು ಕಳಿಸಿದೆ. ಸೀರೆಯ ಒಡಪನ್ನು ಇಲ್ಲಿ ಬರೆದೆ. ಅದು ಆಗಲೇ ದೈವದ ಮುಂದೆ ಎರಡು ಸಲ ಹರಾಜಾದದ್ದು, ಇನ್ನು ಹೋಗುವ ಮಾನವೇನೂ ಅದಕ್ಕಿಲ್ಲ. ನನ್ನ ಮದುವೆಯ ದಿನ ಹೊಸ್ತಿಲ ಮೇಲೆ ಅವಳು ಹೇಳಿದ ಮೂರು ಸಾಲು ಒಂದಕ್ಷರ ಬಿಡದೆ ನನಗೆ ಬಾಯಿಪಾಠ ಇವೆ. ಅವನ್ನು ಬರೆಯುವುದಿಲ್ಲ.